ಡೈಸಲ್ಫೈಡ್ ಬಂಧ ಕಡಿಯದಿದ್ದರೂ ಬಿಸಿಮಾಡಿದ ಪ್ರೋಟೀನ್ ಮೊದಲಿನಂತೆ ಮಡಚಿಕೊಳ್ಳದಿರುವುದು ಏಕೆ?

ಪ್ರಶ್ನೆ: ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರದ ಪಾಠ ಮಾಡುತ್ತೇನೆ. ಪ್ರೋಟೀನುಗಳ ಶಾಖಸಹಿಷ್ಣುತೆಯನ್ನು ಬರೀ ಬಾಯಿಮಾತಿನಲ್ಲಿ ಹೇಳಿ ಮುಗಿಸುವ ಬದಲು ಮಕ್ಕಳಿಗೆ ಕಣ್ಣೆದುರೇ ತೋರಿಸಬೇಕೆಂದು ಈ ಸಲ ಮೊಟ್ಟೆಯ ಬಿಳಿಭಾಗದ ಲೈಸೋಝೈಮ್ ಕಿಣ್ವವನ್ನು ಆರಿಸಿಕೊಂಡೆ. 129 ಅಮೈನೋ ಆಮ್ಲಗಳ ಈ ಸಣ್ಣ ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲವಾದ ಸಿಸ್ಟೀನ್ ಎಂಟಿದ್ದು, ಎಂಟೂ ಜೋಡಿಯಾಗಿ ನಾಲ್ಕು ಡೈಸಲ್ಫೈಡ್ ಬಂಧಗಳಾಗಿವೆ, ಅಂದರೆ ಗಂಧಕಕ್ಕೆ ಗಂಧಕ ಕೂಡಿದ ಕೊಂಡಿಗಳಾಗಿವೆ. ಆದ್ದರಿಂದ ಪಾಠಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗಲಾರದು ಎಂದುಕೊಂಡಿದ್ದೆ.

ಮೂರು ಪ್ರನಾಳಗಳಲ್ಲಿ ಒಂದೇ ಪ್ರಮಾಣದ ಲೈಸೋಝೈಮ್ ಹಾಕಿದೆವು. ಮೊದಲನೆಯದು ಪಿಎಚ್ 5ರ ಅಸಿಟೇಟ್ ಬಫರಿನಲ್ಲಿತ್ತು, ಎರಡನೆಯದು ಪಿಎಚ್ 9ರ ಬಫರಿನಲ್ಲಿತ್ತು. ಮೂರನೆಯದಕ್ಕೆ ಪಿಎಚ್ 8ರಲ್ಲಿ ಡಿಟಿಟಿ ಎಂಬ ಅಪಕರ್ಷಕವನ್ನು ಸೇರಿಸಿ ಡೈಸಲ್ಫೈಡ್ ಬಂಧಗಳನ್ನು ಬೇಕೆಂದೇ ಕಡಿದೆವು. ಮೂರನ್ನೂ 90 ಡಿಗ್ರಿ ಸೆಲ್ಸಿಯಸ್ಸಿನ ವಾಟರ್ ಬಾತಿನಲ್ಲಿ 20 ನಿಮಿಷ ಇಟ್ಟು, ತಣಿಸಿ, ಈ ಕಿಣ್ವ ಒಡೆಯುವ ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾದ ಜೀವಕೋಶಗಳ ಬಿಳಿ ನೀರನ್ನು ಎಷ್ಟು ಬೇಗ ತಿಳಿಗೊಳಿಸುತ್ತವೆ ಎಂದು ಅಳೆದೆವು. ಮೂರನೆಯ ಪ್ರನಾಳ ಒಡೆದ ಹಾಲಿನ ಹಾಗೆ ಬಿಳಿ ಚೂರುಗಳಾಗಿ ತಳ ಸೇರಿತು, ಅದು ನಿರೀಕ್ಷಿತವೇ ಆಗಿತ್ತು. ಪಿಎಚ್ 5ರದು ಬಿಸಿಯನ್ನೇ ಕಾಣದಂತೆ ಕೆಲಸ ಮಾಡಿತು. ಆದರೆ ಪಿಎಚ್ 9ರ ಪ್ರನಾಳ ತಣಿದ ಮೇಲೂ ತುಸು ಮಬ್ಬಾಗಿಯೇ ಉಳಿಯಿತು, ಕಿಣ್ವದ ಶಕ್ತಿಯ ಬಹುಪಾಲು ಮರಳಿ ಬರಲಿಲ್ಲ.

"ಡೈಸಲ್ಫೈಡ್ ಬಂಧಗಳು ಪ್ರೋಟೀನಿಗೆ ಶಾಖವನ್ನು ತಡೆಯುವ ಬಲ ಕೊಡುತ್ತವೆ, ಮರಳಿ ಮಡಚಿಕೊಳ್ಳಲು ದಾರಿ ತೋರುತ್ತವೆ" ಎಂದು ಹಿಂದಿನ ವಾರವಷ್ಟೇ ಬರೆಸಿದ್ದೆ. ಎರಡನೆಯ ಪ್ರನಾಳದಲ್ಲಿ ಬಂಧ ಕಡಿಯುವ ವಸ್ತುವನ್ನು ನಾವು ಹಾಕಿಯೇ ಇರಲಿಲ್ಲ. ಹಾಗಿದ್ದ ಮೇಲೆ ಅವೇ ನಾಲ್ಕು ಬಂಧಗಳು ಒಂದರಲ್ಲಿ ಕಾಪಾಡಿ ಇನ್ನೊಂದರಲ್ಲಿ ಕೈಬಿಟ್ಟದ್ದೇಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಮೂರನೆಯ ಪ್ರನಾಳದ ಬಿಳಿ ಚೂರುಗಳನ್ನು ಮತ್ತೆ ಕೆಲಸ ಮಾಡುವ ಕಿಣ್ವವಾಗಿಸಬಹುದೇ ಎಂಬುದು ಮಕ್ಕಳ ಇನ್ನೊಂದು ಪ್ರಶ್ನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಸಾಗರಸೀಮೆ

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಪ್ರೋಟೀನುಗಳ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಊರಿಗೆ ಮರಳಿ ತೋಟ ನೋಡಿಕೊಂಡಿರುವ ನನಗೆ, ಈ ವಿಷಯವನ್ನು ಪಠ್ಯಗಳು ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಡುತ್ತವೆ ಎಂಬ ಕೊರಗು ಮೊದಲಿನಿಂದಲೂ ಇದೆ. ಆ ಒಂದು ಸಾಲಿನೊಳಗೆ ಬೇರೆ ಬೇರೆಯಾದ ಎರಡು ಸಂಗತಿಗಳು ಬೆರೆತುಹೋಗಿವೆ. ಪ್ರೋಟೀನು ಎಷ್ಟು ಬಿಸಿಯವರೆಗೆ ಬಿಚ್ಚಿಕೊಳ್ಳದೆ ತಡೆಯುತ್ತದೆ ಎಂಬುದು ಒಂದು. ಬಿಚ್ಚಿಕೊಂಡ ಮೇಲೆ ತಣಿದಾಗ ತಾನಾಗಿ ಹಳೆಯ ರೂಪಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಡೈಸಲ್ಫೈಡ್ ಬಂಧ ಮಡಚಿಕೊಂಡ ಪ್ರೋಟೀನನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿಡುತ್ತದೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ, ಆದರೆ ಅದರ ಮುಖ್ಯ ಕೆಲಸ ನಡೆಯುವುದು ಬಿಚ್ಚಿಕೊಂಡ ಸ್ಥಿತಿಯಲ್ಲಿ. ಕೊಟ್ಟಿಗೆಯಲ್ಲಿ ಮಲಗಿರುವ ಕರುವಿಗೆ ಕಣ್ಣಿ ಇದ್ದರೂ ಇಲ್ಲದಿದ್ದರೂ ಒಂದೇ. ಎದ್ದು ಓಡಲು ಹೊರಟಾಗ ಮಾತ್ರ ಕಣ್ಣಿ ಅದನ್ನು ಗೂಟದ ಸುತ್ತಲಿನ ಜಾಗದೊಳಗೇ ನಿಲ್ಲಿಸುತ್ತದೆ. ಹಾಗೆಯೇ ಬಿಚ್ಚಿಕೊಂಡ ಸರಪಳಿ ತಾಳಬಹುದಾದ ಅಸಂಖ್ಯಾತ ಭಂಗಿಗಳಲ್ಲಿ ಬಹುಪಾಲನ್ನು ಬಂಧ ಕಿತ್ತುಕೊಳ್ಳುತ್ತದೆ, ಅಂದರೆ ಬಿಚ್ಚಿಕೊಂಡ ಸ್ಥಿತಿಯ ಎಂಟ್ರೊಪಿ ಕಡಿಮೆಯಾಗುತ್ತದೆ. ಬಿಚ್ಚಿಕೊಳ್ಳುವುದರಿಂದ ಸಿಗುವ ಲಾಭ ಕುಗ್ಗಿದಷ್ಟೂ ಮಡಚಿಕೊಂಡ ಸ್ಥಿತಿ ಹೆಚ್ಚು ಬಿಸಿಯವರೆಗೆ ನಿಲ್ಲುತ್ತದೆ. ಬಂಧದ ಎರಡು ಸಿಸ್ಟೀನುಗಳ ನಡುವಿನ ಕುಣಿಕೆ ದೊಡ್ಡದಾದಷ್ಟೂ ಈ ಪರಿಣಾಮ ಹೆಚ್ಚುತ್ತದೆ. ಸುಮಾರು 60 ಅಮೈನೋ ಆಮ್ಲಗಳ ಕುಣಿಕೆಯಾದರೆ ಲೆಕ್ಕಾಚಾರದ ಪ್ರಕಾರ ಪ್ರತಿ ಮೋಲಿಗೆ 4 ಕಿಲೋಕ್ಯಾಲರಿಗೂ ತುಸು ಹೆಚ್ಚು ಸ್ಥಿರತೆ ಬರುತ್ತದೆ. ಇಡೀ ಸಣ್ಣ ಪ್ರೋಟೀನೊಂದರ ಒಟ್ಟು ಸ್ಥಿರತೆಯೇ 5ರಿಂದ 15 ಕಿಲೋಕ್ಯಾಲರಿಗಳ ಆಸುಪಾಸಿನಲ್ಲಿರುವುದರಿಂದ ಇದು ಸಣ್ಣ ಮೊತ್ತವಲ್ಲ.

ಇದನ್ನು ಕೈಯಾರೆ ಮಾಡಿ ತೋರಿಸಿದ ಪ್ರಯೋಗವೂ ಇದೆ. ಟಿ4 ಎಂಬ ವೈರಾಣುವಿನ ಲೈಸೋಝೈಮಿನಲ್ಲಿ ಹುಟ್ಟಿನಿಂದ ಒಂದೂ ಡೈಸಲ್ಫೈಡ್ ಬಂಧವಿಲ್ಲ. 1989ರಲ್ಲಿ ಬ್ರಯಾನ್ ಮ್ಯಾಥ್ಯೂಸ್ ಅವರ ತಂಡ ಅದರಲ್ಲಿ ಆಯ್ದ ಜಾಗಗಳಲ್ಲಿ ಸಿಸ್ಟೀನುಗಳನ್ನು ಇರಿಸಿ ಮೂರು ಬಂಧಗಳನ್ನು ಕೂಡಿಸಿದಾಗ, ಅದು ಬಿಚ್ಚಿಕೊಳ್ಳುವ ತಾಪ 23 ಡಿಗ್ರಿಗಳಷ್ಟು ಮೇಲೇರಿತು. ಆದರೆ ಜಾಗ ತಪ್ಪಿ ಬಂಧ ಹಾಕಿದರೆ ಆಕಾರವೇ ಸೊಟ್ಟಗಾಗಿ ಸ್ಥಿರತೆ ಇಳಿಯುವುದೂ ಉಂಟು.

ಬಂಧಗಳನ್ನು ಎಣಿಸಿ ಶಾಖಸಹಿಷ್ಣುತೆಯನ್ನು ಹೇಳಲಾಗದು ಎಂಬುದಕ್ಕೆ ನಿಮ್ಮ ಮಕ್ಕಳು ಒಡೆದ ಅದೇ ಮೊಟ್ಟೆಯಲ್ಲಿ ಸಾಕ್ಷಿಯಿದೆ. ಬಿಳಿಭಾಗದಲ್ಲಿರುವ ಓವೋಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನಲ್ಲಿ 15 ಡೈಸಲ್ಫೈಡ್ ಬಂಧಗಳಿವೆ. ಅತಿ ಹೆಚ್ಚು ಪ್ರಮಾಣದಲ್ಲಿರುವ ಓವಾಲ್ಬುಮಿನ್‌ನಲ್ಲಿ ಇರುವುದು ಒಂದೇ ಒಂದು. ಆದರೂ ಮೊಟ್ಟೆ ಬೇಯಿಸುವಾಗ 60 ಡಿಗ್ರಿ ದಾಟುತ್ತಿದ್ದಂತೆ ಮೊದಲು ಬಿಚ್ಚಿಕೊಳ್ಳುವುದು 15 ಬಂಧಗಳ ಪ್ರೋಟೀನೇ. ಒಂದು ಬಂಧದ ಓವಾಲ್ಬುಮಿನ್ 80 ಡಿಗ್ರಿ ದಾಟುವವರೆಗೆ ತಡೆಯುತ್ತದೆ. ಒಳಭಾಗದ ಬಿಗಿ ಜೋಡಣೆ, ಹೈಡ್ರೋಜನ್ ಬಂಧಗಳು, ಅಂಟಿಕೊಂಡಿರುವ ಲೋಹದ ಅಯಾನು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದೇ ಓವೋಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ಹಿಡಿದುಕೊಂಡಿದ್ದರೆ ಅದರ ಶಾಖಸಹಿಷ್ಣುತೆ ಗಮನಾರ್ಹವಾಗಿ ಏರುತ್ತದೆ.

ಈಗ ನಿಮ್ಮ ಎರಡು ಪ್ರನಾಳಗಳಿಗೆ ಬರುತ್ತೇನೆ. ಲೈಸೋಝೈಮ್ ಸುಮಾರು 75 ಡಿಗ್ರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ 90 ಡಿಗ್ರಿಯಲ್ಲಿ ಎರಡೂ ಪ್ರನಾಳಗಳ ಕಿಣ್ವ ಬಿಚ್ಚಿಕೊಂಡೇ ಇತ್ತು. ಪಿಎಚ್ 5ರದು ಬಿಸಿಯನ್ನು ತಡೆದು ನಿಂತದ್ದಲ್ಲ, ಬಿಚ್ಚಿಕೊಂಡು ತಣಿಯುವಾಗ ಮರಳಿ ಮಡಚಿಕೊಂಡದ್ದು. ಅಂದರೆ ನೀವು ಅಳೆದದ್ದು ಶಾಖಸಹಿಷ್ಣುತೆಯನ್ನಲ್ಲ, ಮರುಮಡಿಕೆಯನ್ನು. ಮರುಮಡಿಕೆ ಸರಾಗವಾಗಲು ನಾಲ್ಕೂ ಬಂಧಗಳು ತಮ್ಮ ತಮ್ಮ ಜೋಡಿಯಲ್ಲೇ ಉಳಿದಿರಬೇಕು. ಪಿಎಚ್ 9ರಲ್ಲಿ ಅವು ಉಳಿಯಲಿಲ್ಲ ಎಂಬುದೇ ನನ್ನ ಉತ್ತರ.

ಕ್ಷಾರೀಯ ನೀರಿನಲ್ಲಿ ಬಿಸಿಮಾಡಿದಾಗ ಹೈಡ್ರಾಕ್ಸೈಡ್ ಅಯಾನುಗಳು ಸಿಸ್ಟೀನಿನಿಂದ ಒಂದು ಹೈಡ್ರೋಜನನ್ನು ಕಿತ್ತು, ಇಂಗಾಲಕ್ಕೂ ಗಂಧಕಕ್ಕೂ ನಡುವಿನ ಕೊಂಡಿಯನ್ನು ಬಿಡಿಸುತ್ತವೆ. ಪಿಎಚ್ 5ಕ್ಕಿಂತ 9ರಲ್ಲಿ ಈ ಅಯಾನುಗಳು ಹತ್ತು ಸಾವಿರ ಪಟ್ಟು ಹೆಚ್ಚು. ಹೀಗೆ ಅಲ್ಲೊಂದು ಇಲ್ಲೊಂದು ಗಂಧಕ ಒಂಟಿಯಾಗಿ ಉಳಿದರೆ ಅದು ಸುಮ್ಮನಿರುವುದಿಲ್ಲ. ಪಕ್ಕದ ಬಂಧದ ಮೇಲೆ ಎರಗಿ ಅಲ್ಲಿಯ ಜೋಡಿಯನ್ನು ಬಿಡಿಸಿ ತಾನು ಕೂಡಿಕೊಳ್ಳುತ್ತದೆ, ಹೊರಬಿದ್ದ ಗಂಧಕ ಮತ್ತೊಂದರ ಮೇಲೆ ಎರಗುತ್ತದೆ. ಎರಗಲು ಥಯಾಲ್ ಗುಂಪು, ಅಂದರೆ ಹೈಡ್ರೋಜನ್ ಅಂಟಿದ ಒಂಟಿ ಗಂಧಕ, ತನ್ನ ಹೈಡ್ರೋಜನನ್ನು ಕಳೆದುಕೊಂಡು ಋಣ ಆವೇಶ ಪಡೆದಿರಬೇಕು. ಸಾಮಾನ್ಯ ಸಿಸ್ಟೀನಿಗೆ ಈ ಬದಲಾವಣೆಯ ನಡುಬಿಂದು ಪಿಎಚ್ 8.3ರ ಹತ್ತಿರವಿದ್ದು, ಪಿಎಚ್ 5ರಲ್ಲಿ ಎರಡು ಸಾವಿರಕ್ಕೆ ಒಂದು ಥಯಾಲ್ ಮಾತ್ರ ಆ ಸ್ಥಿತಿಯಲ್ಲಿದ್ದರೆ ಪಿಎಚ್ 9ರಲ್ಲಿ ಆರರಲ್ಲಿ ಐದು ಹಾಗಿರುತ್ತವೆ. ಪರಿಣಾಮವಾಗಿ ಬಂಧಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಜೋಡಿಗಳು ಅದಲುಬದಲಾಗಿರುತ್ತವೆ, ಬೇರೆ ಬೇರೆ ಅಣುಗಳ ನಡುವೆಯೂ ಬಂಧ ಬಿದ್ದಿರುತ್ತದೆ. ತಪ್ಪು ಗೂಟಕ್ಕೆ ಕಟ್ಟಿದ ಕರು ತನ್ನ ಜಾಗಕ್ಕೆ ಬರಲಾರದು; ಹಗ್ಗ ಗಟ್ಟಿಯಾಗಿದ್ದಷ್ಟೂ ತೊಂದರೆ ಹೆಚ್ಚು. ಜೊತೆಗೆ ಲೈಸೋಝೈಮಿನ ವಿದ್ಯುತ್ ತಟಸ್ಥ ಬಿಂದು, ಅಂದರೆ ಅದರ ಒಟ್ಟು ಆವೇಶ ಸೊನ್ನೆಯಾಗುವ ಹಂತ, ಪಿಎಚ್ 11ರ ಹತ್ತಿರ ಇರುವುದರಿಂದ, ಪಿಎಚ್ 5ರಲ್ಲಿ ಧನ ಆವೇಶ ಹೆಚ್ಚಿದ್ದು ಅಣುಗಳು ಒಂದನ್ನೊಂದು ದೂರ ತಳ್ಳುತ್ತವೆ. ಪಿಎಚ್ 9ರಲ್ಲಿ ಆ ತಳ್ಳಾಟ ಕಡಿಮೆಯಾಗಿ ಮುದ್ದೆಗಟ್ಟುವುದು ಸುಲಭ. ನೀವು ಕಂಡ ಮಬ್ಬು ಅದೇ.

ಉತ್ತರ: ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಮೇಲಿನ ಉತ್ತರ ಓದಿ ಬಹಳ ಸಂತೋಷವಾಯಿತು. ತಪ್ಪು ಜೋಡಿಯ ಮಾತಿಗೆ ಒಂದು ಹಳೆಯ, ನನಗೆ ಅತಿ ಇಷ್ಟವಾದ ಪ್ರಯೋಗವನ್ನು ಸೇರಿಸುತ್ತೇನೆ. 1972ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕ್ರಿಶ್ಚಿಯನ್ ಆನ್ಫಿನ್ಸೆನ್, ರೈಬೋನ್ಯೂಕ್ಲಿಯೇಸ್ ಎಂಬ 124 ಅಮೈನೋ ಆಮ್ಲಗಳ ಕಿಣ್ವವನ್ನು 8 ಮೋಲಾರ್ ಯೂರಿಯಾದಲ್ಲಿ ಬಿಚ್ಚಿ, ಅದರ ನಾಲ್ಕೂ ಬಂಧಗಳನ್ನು ಮರ್ಕ್ಯಾಪ್ಟೋಎಥನಾಲಿನಿಂದ ಕಡಿದರು. ಎರಡನ್ನೂ ತೆಗೆದು ಗಾಳಿಗೆ ಬಿಟ್ಟಾಗ ಕಿಣ್ವ ತಾನಾಗಿ ಮಡಚಿಕೊಂಡು ಸರಿಯಾದ ಬಂಧಗಳನ್ನೇ ಹಾಕಿಕೊಂಡಿತು. ಆದರೆ ಯೂರಿಯಾ ಇರುವಾಗಲೇ ಬಂಧಗಳು ಬೀಳುವಂತೆ ಮಾಡಿ ಆಮೇಲೆ ಯೂರಿಯಾ ತೆಗೆದಾಗ, ಕಿಣ್ವದ ಶಕ್ತಿ ಶೇಕಡಾ 1ರಷ್ಟು ಮಾತ್ರ ಬಂತು. ಎಂಟು ಸಿಸ್ಟೀನುಗಳನ್ನು ಜೋಡಿಸಲು ಏಳು, ಐದು, ಮೂರರ ಗುಣಲಬ್ಧದಷ್ಟು, ಅಂದರೆ 105 ಬಗೆಗಳಿವೆ. ಸರಿಯಾದದ್ದು ಒಂದೇ. ಸರಪಳಿ ಬಿಚ್ಚಿಕೊಂಡೇ ಇರುವಾಗ ಬಂಧ ಬಿದ್ದರೆ ಸುಮ್ಮನೆ ಸಿಕ್ಕಸಿಕ್ಕ ಹಾಗೆ ಬೀಳುತ್ತದೆ, ನೂರಕ್ಕೊಂದು ಸರಿಯಾಗುತ್ತದೆ.

ನಿಮ್ಮ ಮಕ್ಕಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದರ ಮುಂದಿನ ಭಾಗ. ಆ ಕೆಟ್ಟ ಕಿಣ್ವಕ್ಕೆ ಮರ್ಕ್ಯಾಪ್ಟೋಎಥನಾಲನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಹಾಕಿದಾಗ, ಬಂಧ ಕಡಿಯುವ ಅದೇ ವಸ್ತುವೇ, ತಪ್ಪು ಜೋಡಿಗಳು ಬಿಟ್ಟು ಕೂಡಿ ಕೆಲವು ಗಂಟೆಗಳಲ್ಲಿ ಸರಿಯಾದ ಜೋಡಿಗಳಾಗಿ ಶಕ್ತಿ ಮರಳಿತು. ಹಾಗಾಗಿ ಬಂಧಗಳು ಮಡಿಕೆಗೆ ದಾರಿ ತೋರುತ್ತವೆ ಎಂದು ಬರೆಸುವುದಕ್ಕಿಂತ, ದಾರಿಯನ್ನು ತೋರುವುದು ಅಮೈನೋ ಆಮ್ಲಗಳ ಸಾಲು, ಸಿಕ್ಕ ದಾರಿಯನ್ನು ಬಂಧಗಳು ಭದ್ರಪಡಿಸುತ್ತವೆ ಎಂದು ಬರೆಸಿದರೆ ಸತ್ಯಕ್ಕೆ ಹೆಚ್ಚು ಹತ್ತಿರವಾಗುತ್ತದೆ. ನಮ್ಮ ಜೀವಕೋಶಗಳಲ್ಲಿ ಈ ಬಿಚ್ಚಿ ಕೂಡಿಸುವ ಕೆಲಸಕ್ಕೆಂದೇ ಪ್ರೋಟೀನ್ ಡೈಸಲ್ಫೈಡ್ ಐಸೋಮರೇಸ್ ಎಂಬ ಕಿಣ್ವವಿದ್ದು, ಗಂಟೆಗಳ ಕೆಲಸವನ್ನು ಅದು ನಿಮಿಷಗಳಲ್ಲಿ ಮುಗಿಸುತ್ತದೆ.

ಮೂರನೆಯ ಪ್ರನಾಳದ ಚೂರುಗಳನ್ನು ಎಸೆಯಬೇಡಿ. ಅವನ್ನು 8 ಮೋಲಾರ್ ಯೂರಿಯಾ ಮತ್ತು ಹೊಸದಾಗಿ ಕರಗಿಸಿದ ಡಿಟಿಟಿಯಲ್ಲಿ, ಪಿಎಚ್ 8.5ರಲ್ಲಿ, ಪೂರ್ತಿ ಕರಗಿಸಿ ಒಂದೆರಡು ಗಂಟೆ ಬಿಡಿ. ಡಿಟಿಟಿ ಹೊಸದೇ ಆಗಿರಬೇಕು ಎಂದು ಒತ್ತಿ ಹೇಳಲು ಕಾರಣವಿದೆ: 20 ಡಿಗ್ರಿಯಲ್ಲಿ ಪಿಎಚ್ 6.5ರಲ್ಲಿ ಅದರ ಅರ್ಧಾಯುಷ್ಯ 40 ಗಂಟೆಯಾದರೆ ಪಿಎಚ್ 8.5ರಲ್ಲಿ ಒಂದೂವರೆ ಗಂಟೆಗೂ ಕಡಿಮೆ. ನಮ್ಮ ಮಳೆಗಾಲದಲ್ಲಿ ಪುಡಿಯೂ ತೇವ ಹಿಡಿದು ಹಾಳಾಗುತ್ತದೆ. ಒಂದು ಆಷಾಢವಿಡೀ ಕೆಟ್ಟ ಡಿಟಿಟಿಯೊಂದಿಗೆ ಗುದ್ದಾಡಿದ ಮೇಲೆ, ಬಾಟಲಿಯನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆಯದಿರುವುದನ್ನು ನಾನು ಕಲಿತೆ.

ಕರಗಿದ ದ್ರಾವಣವನ್ನು ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ ತುಂಬಿ 0.1 ಮೋಲಾರ್ ಅಸಿಟಿಕ್ ಆಮ್ಲದೆದುರು, ತಂಪಿನಲ್ಲಿ, ನೀರು ಬದಲಿಸುತ್ತ ಇಡಿ. ಯೂರಿಯಾ ಮತ್ತು ಡಿಟಿಟಿ ಹೊರಹೋಗುತ್ತವೆ, ಆಮ್ಲದಲ್ಲಿ ಥಯಾಲುಗಳು ನಿದ್ದೆಯಲ್ಲಿರುವುದರಿಂದ ತಪ್ಪು ಬಂಧ ಬೀಳುವುದಿಲ್ಲ. ಬಳಿಕ ಪಿಎಚ್ 8.2ರ ಟ್ರಿಸ್ ಬಫರಿಗೆ ಬಂಧಗಳನ್ನು ಬಿಚ್ಚಿ ಕೂಡಿಸುವ ಜೋಡಿಯಾದ 2 ಮಿಲಿಮೋಲಾರ್ ಅಪಕರ್ಷಿತ ಗ್ಲುಟಾಥಯಾನ್ ಮತ್ತು 0.2 ಮಿಲಿಮೋಲಾರ್ ಉತ್ಕರ್ಷಿತ ಗ್ಲುಟಾಥಯಾನ್, ಲೋಹದ ಅಯಾನುಗಳನ್ನು ಹಿಡಿದಿಡುವ 1 ಮಿಲಿಮೋಲಾರ್ ಇಡಿಟಿಎ ಸೇರಿಸಿ, ಅದಕ್ಕೆ ಪ್ರೋಟೀನನ್ನು ಹನಿಹನಿಯಾಗಿ ಕಲಕುತ್ತ ಬಿಡಿ. ಕೊನೆಗೆ ಪ್ರೋಟೀನಿನ ಪ್ರಮಾಣ ಮಿಲಿಲೀಟರಿಗೆ 0.05 ಮಿಲಿಗ್ರಾಮ್ ಮೀರದಿರಲಿ. ಈ ಒಂದು ಎಚ್ಚರಿಕೆ ತಪ್ಪಿದರೆ ಉಳಿದೆಲ್ಲ ಸರಿಯಿದ್ದರೂ ಸರಪಳಿಗಳು ತಾವು ಮಡಚಿಕೊಳ್ಳುವ ಮೊದಲೇ ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಅರ್ಧ ಮೋಲಾರ್ ಅರ್ಜಿನೈನ್ ಇದ್ದರೆ ಅಂಟುವುದು ಇನ್ನೂ ಕಡಿಮೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ.

ಒಂದು ಪ್ರಶ್ನೆ ನನ್ನದೂ ಇದೆ. ನಿಮ್ಮ ಲೈಸೋಝೈಮ್ ಕೊಂಡದ್ದೇ, ನೀವೇ ಮೊಟ್ಟೆಯಿಂದ ತೆಗೆದದ್ದೇ?

ಮರುಮಾತು: ತುಂಗೆಯ ದಡ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಲೈಸೋಝೈಮ್ ಮಕ್ಕಳೇ ತೆಗೆದದ್ದು. ನಾಟಿ ಕೋಳಿಯ ಮೊಟ್ಟೆಗಳ ಬಿಳಿಭಾಗಕ್ಕೆ ಶೇಕಡಾ 5ರಷ್ಟು ಉಪ್ಪು ಹಾಕಿ, ಪಿಎಚ್ 9.5ಕ್ಕೆ ತಂದು, ತಂಪಿನಲ್ಲಿ ಹರಳುಗಟ್ಟಲು ಬಿಟ್ಟಿದ್ದೆವು. ಒಂದೇ ಸಲ ಹರಳುಗಟ್ಟಿಸಿ ಬಳಸಿದೆವು.

ಉತ್ತರ: ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಹಾಗಾದರೆ ಓವಾಲ್ಬುಮಿನ್ ಒಂದಿಷ್ಟು ಜೊತೆಗೆ ಬಂದಿರಬಹುದು. ಅದರಲ್ಲಿ ಒಂದು ಡೈಸಲ್ಫೈಡ್ ಬಂಧದ ಜೊತೆಗೆ ನಾಲ್ಕು ಒಂಟಿ ಥಯಾಲುಗಳಿವೆ. ಬಿಸಿಯಲ್ಲಿ ಬಿಚ್ಚಿಕೊಂಡಾಗ ಅವು ಹೊರಬಂದು ಲೈಸೋಝೈಮಿನ ಬಂಧಗಳನ್ನೂ ಕದಡುತ್ತವೆ. ಪರೀಕ್ಷಿಸುವುದು ಸುಲಭ: ಬಿಸಿಮಾಡದ ಮಾದರಿಯನ್ನು ಎಸ್‌ಡಿಎಸ್ ಎಂಬ ಮಾರ್ಜಕದಲ್ಲಿ ಬಿಚ್ಚಿ, ಒಂಟಿ ಥಯಾಲ್ ಸಿಕ್ಕರೆ ಹಳದಿಯಾಗುವ ಎಲ್ಮನ್ ಕಾರಕ, ಅಂದರೆ ಡಿಟಿಎನ್‌ಬಿ, ಹಾಕಿ. ಶುದ್ಧ ಲೈಸೋಝೈಮಿನಲ್ಲಿ ಒಂಟಿ ಥಯಾಲ್ ಒಂದೂ ಇಲ್ಲದ ಕಾರಣ ಹಳದಿ ಬಣ್ಣ ಬರಬಾರದು. ಬಂದರೆ ಅದು ಬೇರೆ ಪ್ರೋಟೀನಿನದು. 412 ನ್ಯಾನೋಮೀಟರಿನಲ್ಲಿ ಅಳೆದರೆ ಎಷ್ಟು ಎಂಬುದೂ ತಿಳಿಯುತ್ತದೆ.

ಉತ್ತರ: ತೀರ್ಥಹಳ್ಳಿಯ ಹೈನು

ನನ್ನ ಕೆಲಸ ಹಾಲಿನದು, ಆದ್ದರಿಂದ ಮಕ್ಕಳು ಮನೆಯಲ್ಲೇ ಗಮನಿಸಬಹುದಾದದ್ದನ್ನು ಬರೆಯುತ್ತೇನೆ. ಹಾಲಿನ ತಿಳಿಯಲ್ಲಿ ಎರಡು ಮುಖ್ಯ ಪ್ರೋಟೀನುಗಳಿವೆ. ಆಲ್ಫಾ ಲ್ಯಾಕ್ಟಾಲ್ಬುಮಿನ್ 60 ಡಿಗ್ರಿ ದಾಟಿದ ಸ್ವಲ್ಪ ಹೊತ್ತಿಗೇ ಬಿಚ್ಚಿಕೊಳ್ಳುತ್ತದೆ, ಆದರೆ ಅದರ ನಾಲ್ಕು ಬಂಧಗಳೂ ಜೋಡಿಯಲ್ಲೇ ಇದ್ದು ಒಂಟಿ ಥಯಾಲ್ ಇಲ್ಲದ್ದರಿಂದ, ಒಂಟಿಯಾಗಿ ಬಿಸಿಮಾಡಿ ತಣಿಸಿದರೆ ಬಹುಪಾಲು ಮೊದಲಿನಂತೆ ಮಡಚಿಕೊಳ್ಳುತ್ತದೆ. ಬೀಟಾ ಲ್ಯಾಕ್ಟೋಗ್ಲೋಬುಲಿನ್ ಅದಕ್ಕಿಂತ ಹೆಚ್ಚು ಬಿಸಿಯವರೆಗೆ, 70 ಡಿಗ್ರಿಯ ಮೇಲಿನವರೆಗೂ, ತಡೆಯುತ್ತದೆ. ಬಿಚ್ಚಿಕೊಂಡ ಮೇಲೆ ಮಾತ್ರ ಹಿಂದಿರುಗುವುದಿಲ್ಲ. ಏಕೆಂದರೆ ಅದರ ಒಳಗೆ ಅಡಗಿದ್ದ ಒಂಟಿ ಥಯಾಲ್, 121ನೆಯ ಸಿಸ್ಟೀನ್, ಹೊರಬಿದ್ದು, ಹಾಲಿನ ಇನ್ನೊಂದು ಪ್ರೋಟೀನಾದ ಕೇಸಿನ್‌ನ ಕಣಗಳ ಮೇಲಿನ ಕಪ್ಪಾ ಕೇಸಿನ್ನಿನೊಡನೆ ಬಂಧ ಹಾಕಿಕೊಳ್ಳುತ್ತದೆ. ಶಾಖ ತಡೆಯುವುದೂ ಮರಳಿ ಮಡಚಿಕೊಳ್ಳುವುದೂ ಬೇರೆ ಬೇರೆ ಎಂದು ಮೇಲೆ ಬರೆದದ್ದಕ್ಕೆ ಇದಕ್ಕಿಂತ ಸ್ಪಷ್ಟ ಜೋಡಿ ನನಗೆ ಗೊತ್ತಿಲ್ಲ. ಚೆನ್ನಾಗಿ ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗಿ, ನೀರು ಬಿಡದೆ ಬರುವುದಕ್ಕೆ ಈ ಹೊಸ ಬಂಧಗಳೇ ಬಹುಮಟ್ಟಿಗೆ ಕಾರಣ. ಹಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ತೆಳ್ಳಗೆ, ನೀರು ನೀರಾಗಿ ಬರುತ್ತದೆ. ಹಾಲು ಉಕ್ಕುವಾಗಿನ ಆ ಕಾದ ಹಾಲಿನ ವಾಸನೆಯೂ ಗಂಧಕದ್ದೇ.

ಹುರುಳಿಯನ್ನೂ ನೆನೆಯಬೇಕು. ಅದರಲ್ಲಿರುವ ಬೌಮನ್–ಬಿರ್ಕ್ ಬಗೆಯ ಪ್ರೋಟೀನು ನಮ್ಮ ಹೊಟ್ಟೆಯ ಟ್ರಿಪ್ಸಿನ್ ಕಿಣ್ವವನ್ನು ತಡೆಯುತ್ತದೆ. ಎಪ್ಪತ್ತು ಚಿಲ್ಲರೆ ಅಮೈನೋ ಆಮ್ಲಗಳಷ್ಟು ಚಿಕ್ಕ ಸರಪಳಿಯಲ್ಲಿ ಏಳು ಡೈಸಲ್ಫೈಡ್ ಬಂಧಗಳು ಒತ್ತೊತ್ತಾಗಿರುವುದರಿಂದ ಅದು ಸುಮ್ಮನೆ ಕುದಿಸಿದರೆ ಬೇಗ ಸೋಲುವುದಿಲ್ಲ. ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆರಳಿಗೆ ನುಣ್ಣಗೆ ಹಿಸುಕುವವರೆಗೆ ಬೇಯಿಸಿ ಕಟ್ಟು ತೆಗೆಯುವ ನಮ್ಮ ಪದ್ಧತಿಯನ್ನು ನಾನು ಈಗ ಹೆಚ್ಚು ಗೌರವದಿಂದ ನೋಡುತ್ತೇನೆ.

ಮರುಮಾತು: ತುಂಗೆಯ ದಡ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ನಡುವೆ ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ, ಡಯಾಲಿಸಿಸ್ ಚೀಲವನ್ನು ಐಸ್ ಹಾಕಿದ ಬಕೆಟಿನಲ್ಲಿ ಕಾಪಾಡಿಕೊಂಡೆವು.

ಎಲ್ಮನ್ ಪರೀಕ್ಷೆಯಲ್ಲಿ ನಮ್ಮ ಹಳೆಯ ಮಾದರಿ, ಬಿಸಿಮಾಡುವ ಮೊದಲೇ, ನಿಂಬೆಹಣ್ಣಿನ ಸಿಪ್ಪೆಯಷ್ಟು ತೆಳು ಹಳದಿಯಾಯಿತು. ಸಂಶಯ ಸರಿಯಾಗಿತ್ತು. ಮತ್ತೆರಡು ಸಲ ಹರಳುಗಟ್ಟಿಸಿದ ಮೇಲೆ ಹಳದಿ ಕಾಣಿಸಲಿಲ್ಲ. ಆ ಶುದ್ಧ ಮಾದರಿಯನ್ನು ಪಿಎಚ್ 9ರಲ್ಲಿ ಬಿಸಿಮಾಡಿದಾಗ ಮಬ್ಬು ಮೊದಲಿಗಿಂತ ಕಡಿಮೆಯಾಗಿತ್ತು, ಆದರೆ ಶಕ್ತಿ ಈ ಸಲವೂ ಇಳಿಯಿತು. ಅದಕ್ಕೆ ಡಿಟಿಎನ್‌ಬಿ ಹಾಕಿದಾಗ, ಬಿಸಿಗೆ ಮೊದಲು ಇರದಿದ್ದ ಹಳದಿ ಬಂತು. ಪಿಎಚ್ 5ರದಕ್ಕೆ ಬರಲಿಲ್ಲ. ಸಾಗರದವರು ಬರೆದಂತೆ ಬಂಧಗಳು ಒಳಗಿನಿಂದಲೇ ಬಿಟ್ಟು ಹೊಸ ಥಯಾಲುಗಳು ಹುಟ್ಟಿದ್ದನ್ನು ಮಕ್ಕಳು ತಮ್ಮ ಕಣ್ಣಿನಿಂದ ನೋಡಿದರು. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಎರಡು ಪ್ರನಾಳಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದಳು.

ಟಿಪ್ಪಣಿಯಲ್ಲಿ ನಾನು ಬರೆಸಿದ್ದ ಸಾಲನ್ನು ಹೊಡೆದುಹಾಕಿಸಿ, ಶಾಖ ತಡೆಯುವುದನ್ನೂ ಮರುಮಡಿಕೆಯನ್ನೂ ಬೇರೆ ಬೇರೆಯಾಗಿ ಬರೆಸಿದ್ದೇನೆ. ಮುಂದಿನ ವಾರ ಪಿಎಚ್ 8ರಲ್ಲಿ, ಥಯಾಲುಗಳನ್ನು ಕಟ್ಟಿಹಾಕುವ ಎನ್-ಈಥೈಲ್ ಮೇಲೀಮೈಡ್ ಹಾಕಿ ಒಂದು, ಹಾಕದೆ ಒಂದು ಬಿಸಿಮಾಡಿ ನೋಡುತ್ತೇವೆ. ಹಾಕಿದ್ದರಲ್ಲಿ ನಷ್ಟ ನಿಧಾನವಾದರೆ ಬಂಧಗಳ ಅದಲುಬದಲಿನ ಪಾಲು ಎಷ್ಟೆಂದು ಅಂದಾಜು ಸಿಕ್ಕೀತು.

ಮೂರನೆಯ ಪ್ರನಾಳದ ವಿಷಯ. ಗ್ಲುಟಾಥಯಾನ್ ಬಫರಿನಲ್ಲಿ ರಾತ್ರಿಯಿಡೀ ಬಿಟ್ಟ ದ್ರಾವಣ ಬೆಳಿಗ್ಗೆ ನೀರಿನಂತೆ ತಿಳಿಯಾಗಿಯೇ ಇತ್ತು. ಅದರ ಸ್ವಲ್ಪ ಭಾಗವನ್ನು ಮೈಕ್ರೋಕಾಕಸ್ಸಿನ ಬಿಳಿ ನೀರಿಗೆ ಹಾಕಿ, ಪ್ರನಾಳದ ಹಿಂದೆ ಅಚ್ಚಿನ ಅಕ್ಷರಗಳಿದ್ದ ಕಾಗದವನ್ನು ಹಿಡಿದೆವು. ಮೊದಲ ನಿಮಿಷ ಏನೂ ಕಾಣಲಿಲ್ಲ. ಎರಡನೆಯ ನಿಮಿಷದಲ್ಲಿ ಸಾಲುಗಳ ನೆರಳು ಮೂಡಿತು. ಐದನೆಯ ನಿಮಿಷಕ್ಕೆ ಹಿಂದಿನ ಬೆಂಚಿನಲ್ಲಿದ್ದ ಹುಡುಗ ಅಲ್ಲಿಂದಲೇ ಅದನ್ನು ಗಟ್ಟಿಯಾಗಿ ಓದಿದ.